ಮೇಲೆ ನಿಲ್ಲುವ ಹುಡುಗಿಗೂ ತಲೆ ಇದೆ

ಟೆಕ್ಸಸ್‌ನ ಒಂದು ಸಣ್ಣ ಊರಿನಲ್ಲಿ ಶುಕ್ರವಾರ ಶಾಲೆಯ ಹುಡುಗರ ಅಮೆರಿಕನ್ ಫುಟ್‌ಬಾಲ್ ಎಂದರೆ ಅಂಗಡಿಗಳೂ ಬಾಗಿಲು ಹಾಕುತ್ತವೆ. ಈ ಸಲವಂತೂ ವರ್ಷದ ದೊಡ್ಡ ಪಂದ್ಯ. ಬುಧವಾರ ಸಂಜೆ ಡಾರ್ಲೀನ್ ಅಡುಗೆಮನೆಯಲ್ಲಿ ಕೂತು, ಊರಿನ ರೂಢಿಯಂತೆ ಮಗಳು ಪಂದ್ಯದ ದಿನ ಎದೆಗೆ ಕಟ್ಟಿಕೊಳ್ಳಬೇಕಾದ ತಟ್ಟೆಯಗಲದ ಬಟ್ಟೆ ಸೇವಂತಿಗೆಗೆ ರಿಬ್ಬನ್ನು, ಗೆಜ್ಜೆ ಪೋಣಿಸುತ್ತಿದ್ದಳು. ಹದಿನಾಲ್ಕರ ಕೆಲ್ಸಿ ಆಟಗಾರರನ್ನು ಕುಣಿದು ಕೂಗಿ ಹುರಿದುಂಬಿಸುವ ಶಾಲೆಯ ಚಿಯರ್‌ಲೀಡಿಂಗ್ ತಂಡದಲ್ಲಿ ಎಲ್ಲರ ಕೈಮೇಲೆ ನಿಲ್ಲುವವಳು. ಅಮ್ಮನ ಹೆಮ್ಮೆ ಹೇಳತೀರದು. ತಾನೂ ಒಂದು ಕಾಲದಲ್ಲಿ ಹಾಗೇ ನಿಂತವಳು.

"ಅಮ್ಮಾ, ಆ ಗೆಜ್ಜೆ ಅಲ್ಲಾಡಿಸ್ಬೇಡ. ತಲೆ ಸಿಡೀತಿದೆ," ಎಂದಳು ಕೆಲ್ಸಿ.

ಆಗ ಗುಟ್ಟು ರಟ್ಟಾಯಿತು. ಅಂದು ಶಾಲೆಯ ಒಳಾಂಗಣ ಆಟದ ಜಾಗವಾದ ಜಿಮ್ಮು ಎಂದಿನಂತೆ ಹುಡುಗರ ಪಾಲಾಗಿತ್ತು. ಹುಡುಗಿಯರು ಊಟದ ಕೋಣೆಯ ಬರಿ ನೆಲದ ಮೇಲೆ ಅಭ್ಯಾಸ ಮಾಡುವಾಗ ಕೆಲ್ಸಿ ಬಿದ್ದು ತಲೆ ಬಡಿದುಕೊಂಡಿದ್ದಳು.

"ಇಷ್ಟೇನಾ? ನಾವೆಷ್ಟು ಸಲ ಬಿದ್ದಿಲ್ಲ! ಒಂದು ಮಾತ್ರೆ ನುಂಗು," ಎಂದಳು ಡಾರ್ಲೀನ್.

ಪಕ್ಕದ ಮನೆಯ ರೊಸಾಲ್ವಾ ಶಾಲೆಯ ನರ್ಸು. ಬಾಗಿಲಲ್ಲೇ ಈ ಮಾತು ಕೇಳಿಸಿಕೊಂಡು ಒಳಗೆ ಬಂದಳು.

"ವಾಂತಿ ಬರೋ ಹಾಗಾಗ್ತಿದೆಯಾ ಪುಟ್ಟಾ?"

"ಹೂಂ, ಮಿಸ್ ರೊಸಾಲ್ವಾ. ದೀಪ ನೋಡಿದ್ರೂ ಕಣ್ಣು ಚುಚ್ಚುತ್ತೆ."

"ಡಾರ್ಲೀನ್, ಮೆದುಳಿಗೆ ಪೆಟ್ಟಾಗಿರಬಹುದು. ಈಗ್ಲೇ ಡಾಕ್ಟರ ಹತ್ರ ಹೊರಡು."

"ಅಯ್ಯೋ, ಬರೀ ಕುಣಿಯೋದು, ಕೂಗೋದು ಕಣೇ. ಇವಳೇನು ಫುಟ್‌ಬಾಲ್ ಆಡ್ತಾಳಾ?"

"ಹೋದ ತಿಂಗಳು ನಮ್ಮ ಬೀದಿಯ ಕೋಲ್ಟನ್ ಫುಟ್‌ಬಾಲ್ ಆಡುವಾಗ ತಲೆಗೆ ಏಟು ತಿಂದ್ನಲ್ಲ, ಆಗ?"

"ಮೂರು ವಾರ ಆಟ ಬಿಡಿಸಿ ಕೂರಿಸಿದ್ರು. ನಾನೇ ಅವನಿಗೆ ಪೀಚ್ ಹಣ್ಣಿನ ಸಿಹಿ ಮಾಡ್ಕೊಟ್ಟೆ."

"ಅವನಿಗೆ ಹೆಲ್ಮೆಟ್ಟಾದ್ರೂ ಇತ್ತು. ನಿನ್ನ ಮಗಳ ತಲೆಯೇನು ಕಬ್ಬಿಣದ್ದಾ?"

ಊರವರ ಮಗನಿಗೆ ಸಿಹಿ ಹೊತ್ತವಳು ಸ್ವಂತ ಮಗಳಿಗೆ ಮಾತ್ರೆ ನುಂಗು ಎಂದೆನಲ್ಲ ಎಂದು ಡಾರ್ಲೀನ್‌ಗೆ ನಾಚಿಕೆಯಾಯಿತು. ಕಾರಿನ ಕೀಲಿ ಎತ್ತಿಕೊಂಡಳು.

"ಅಮ್ಮಾ, ಶುಕ್ರವಾರ ನಾನಿಲ್ದೆ..."

"ನೀನಿಲ್ದೆ ಪಂದ್ಯ ನಡೆಯುತ್ತೆ ಕಣೇ. ನನ್ನ ಮನೆ ನಡೆಯಲ್ಲ."

ರೊಸಾಲ್ವಾ ಹೇಳಿದ್ದೇ ನಿಜವಾಯಿತು. ಡಾಕ್ಟರು ಕೆಲ್ಸಿಗೆ ವಿಶ್ರಾಂತಿ ಹೇಳಿದರು. ಶುಕ್ರವಾರ ತಂಡದ ಹುಡುಗಿಯರು ನೆಲದ ಮೇಲೆ ನಿಂತೇ ಕೂಗಿದರು. ಊರೇನೂ ಮುಳುಗಲಿಲ್ಲ.

ಸೋಮವಾರ ಡಾರ್ಲೀನ್ ನಾಲ್ವರು ತಾಯಂದಿರನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಮುಂದೆ ಕೂತು, ಹುಡುಗಿಯರ ಅಭ್ಯಾಸಕ್ಕೂ ಜಿಮ್ಮು ಬೇಕೆಂದಳು.

"ಜಿಮ್ಮು ಕೊಟ್ರೆ ಹುಡುಗರು ಎಲ್ಲಿ ಆಡ್ಬೇಕಮ್ಮಾ?"

"ಊಟದ ಕೋಣೆಯಲ್ಲಿ ಆಡ್ಲಿ ಸಾರ್. ಹಸಿವಾದ್ರೆ ಅಲ್ಲೇ ತಿನ್ನಬಹುದು!"

ಪ್ರಿನ್ಸಿಪಾಲರಿಗೂ ನಗು ತಡೆಯಲಾಗಲಿಲ್ಲ. ವಾರಕ್ಕೆರಡು ದಿನ ಜಿಮ್ಮು, ದಪ್ಪ ಹಾಸು, ತರಬೇತಿ ಪಡೆದ ಕೋಚ್ ಮೂರೂ ಸಿಕ್ಕವು. ಡಾಕ್ಟರು ಒಪ್ಪಿದ ಮೇಲೆ, ಹಂತಹಂತವಾಗಿ ಅಭ್ಯಾಸ ಮಾಡಿ, ಕೆಲ್ಸಿ ಮತ್ತೆ ಮೇಲೆ ನಿಂತಳು. ಕೆಳಗೆ ಎಲ್ಲರಿಗಿಂತ ಜೋರಾಗಿ ಕೂಗಿದವಳು ಡಾರ್ಲೀನ್.

ಅಪ್ಪ ಅಮ್ಮಂದಿರೇ, ಕುಣಿಯುವ, ನೆಗೆಯುವ ಮಕ್ಕಳನ್ನು ತಡೆಯಬೇಡಿ. ಅವರ ಕಾಲ ಕೆಳಗೆ ಹಾಸು ಇದೆಯೇ, ಹಿಡಿಯಲು ಕಲಿತ ಕೈಗಳಿವೆಯೇ ನೋಡಿ. ತಲೆಗೆ ಪೆಟ್ಟು ಬಿದ್ದರೆ ಆಟ ಅಲ್ಲಿಗೇ ನಿಲ್ಲಲಿ. ಡಾಕ್ಟರು ಹೂಂ ಎನ್ನುವವರೆಗೆ ಮತ್ತೆ ಹತ್ತಿಸಬೇಡಿ. ಇವತ್ತು ಸಂಜೆ ಮಗು ಮನೆಗೆ ಬಂದಾಗ "ಚೆನ್ನಾಗಿ ಮಾಡಿದೆಯಾ?" ಎನ್ನುವ ಮೊದಲು "ಎಲ್ಲಾದರೂ ಬಿದ್ದೆಯಾ?" ಎಂದು ಕೇಳಿ.