ಮೈ ತೊಳೆದವನಿಗೆ ಉಡುಗೊರೆ

ಕುತ್ಮಾನ್‌ನ ಹೆಣ ತೊಳೆದ ನಾಲ್ವರಿಗೂ ನಲವತ್ತನೆಯ ದಿನದ ಊಟದಲ್ಲಿ ಹೊಸ ಬಟ್ಟೆ ತೊಡಿಸಬೇಕಿತ್ತು. ಹಿಮಬೆಟ್ಟಗಳ ಕೆಳಗಿನ ಕರಾಕೋಲ್ ಊರಿನಲ್ಲಿ ಅದನ್ನು ತಪ್ಪಿಸುವ ಹಾಗಿಲ್ಲ. ಗತಿಯಿಲ್ಲದವರು ಕೂಡ ಒಂದೊಂದು ಅಂಗಿಯಾದರೂ ಕೊಟ್ಟು ಋಣ ಕಳೆದುಕೊಳ್ಳುತ್ತಾರೆ. ಮೂವರು ಹಿರಿಯರಿಗೆ ಕುತ್ಮಾನ್‌ನ ತಾಯಿ ಜೂರಾ ಮೂರು ನಿಲುವಂಗಿ ತರಿಸಿ ಪೆಟ್ಟಿಗೆಯ ಮೇಲೆ ಮಡಿಸಿಟ್ಟಳು. ನಾಲ್ಕನೆಯವನು ಸಿರ್ಗಾಕ್, ಮಗನ ಜೀವದ ಗೆಳೆಯ. ಅವನಿಗೆ ಮಾತ್ರ ನಿಲುವಂಗಿ ಬೇಡ ಅಂದಳು.

"ಅವನಿಗೆ ಬೆಟ್ಟ ಅಂದ್ರೆ ಪ್ರಾಣ. ತಲೆಯಿಂದ ಕಾಲಿನವರೆಗೂ ಬೆಟ್ಟದ ಉಡುಪೇ ಕೊಡ್ತೀನಿ. ಸ್ನೋಬೋರ್ಡೂ ಕೊಡ್ತೀನಿ. ಅವನೇ ಬಂದು ಆರಿಸ್ಲಿ."

ಕೇರಿಯ ಹೆಂಗಸರು ಸೆರಗಿನಂತೆ ಇಳಿಬಿಟ್ಟ ಶಿರವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು ಅಂದರು. ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ಜೂರಾಳ ಹೊಟ್ಟೆಯೊಳಗೆ ಆಗ ಮನಸ್ಸು ಅನ್ನುವ ವಸ್ತುವೇ ಇರಲಿಲ್ಲ, ಬರೀ ಕೆಂಡವಿತ್ತು.

ಆದದ್ದು ಇಷ್ಟು. ಜನವರಿಯಲ್ಲಿ ಹೊಸ ಹಿಮ ಬಿದ್ದ ಮಾರನೆಯ ಬೆಳಿಗ್ಗೆ ಹುಡುಗರು ಗೈಡ್ ಜೊತೆ ಹಿಮದ ಟ್ರ್ಯಾಕ್ಟರ್ ಹತ್ತಿ ಮೇಲಿನ ಇಳಿಜಾರಿಗೆ ಹೋಗಿದ್ದರು. ಸ್ನೋಬೋರ್ಡಿನ ಹುಚ್ಚು ಹಿಡಿದವರಿಗೆ ಹೊಸ ಹಿಮ ಅಂದರೆ ಮದುವೆ ಮನೆ. ಇಳಿಜಾರಿನ ಮೇಲಿದ್ದ ಹಿಮವೆಲ್ಲ ಒಮ್ಮೆಲೇ ಕುಸಿದು ಇಬ್ಬರನ್ನು ನುಂಗಿತು. ಬೆಟ್ಟಕ್ಕೆ ಹೋಗುವವರು ಅಂಗಿಯ ಮೇಲೆ, ಜಾಕೆಟ್ಟಿನ ಒಳಗೆ, ಎದೆಗೆ ಒಂದು ಬೀಪರ್ ಕಟ್ಟಿಕೊಳ್ಳುತ್ತಾರೆ; ಹಿಮದ ಕೆಳಗೆ ಸಿಕ್ಕಿಕೊಂಡವನ ಬೀಪರ್ ಕೂಗಿದರೆ ಮೇಲಿದ್ದವರದು ಅದನ್ನು ಕೇಳಿಸಿಕೊಳ್ಳುತ್ತದೆ. ಸಿರ್ಗಾಕ್‌ನ ಎದೆಯಿಂದ ಕೂಗು ಬಂತು. ಒಂದು ಬಟ್ಟಲು ಚಹಾ ಕುಡಿಯುವಷ್ಟರಲ್ಲಿ ಅವನನ್ನು ಅಗೆದು ತೆಗೆದರು. ಕುತ್ಮಾನ್ ಇದ್ದ ಕಡೆಯಿಂದ ಒಂದು ಸದ್ದೂ ಇಲ್ಲ. ಉದ್ದನೆಯ ಕೋಲುಗಳಿಂದ ಹಿಮವನ್ನು ಚುಚ್ಚಿ ಚುಚ್ಚಿ ಹುಡುಕಿದರು, ಮಧ್ಯಾಹ್ನ ದಾಟಿದ ಮೇಲೆ ಸಿಕ್ಕ.

ಅವನ ಎದೆಯ ಮೇಲೆ ಬೀಪರ್ ಇರಲಿಲ್ಲ. ಹಿಮ ಕಿತ್ತುಕೊಂಡು ಹೋಗಿರಬೇಕು ಅಂದರು ಜನ. ಮಗನನ್ನು ಮನೆಗೆ ಹೊತ್ತು ತಂದಾಗ ಜೂರಾ ಕಣ್ಣಾರೆ ನೋಡಿದ್ದಳು: ಜಾಕೆಟ್ಟಿನ ಜಿಪ್ಪು ಗಲ್ಲದವರೆಗೆ ಎಳೆದಿತ್ತು. ಜಿಪ್ಪು ಬಿಚ್ಚದೆ ಒಳಗಿನದನ್ನು ಕಿತ್ತುಕೊಳ್ಳುವ ಹಿಮ ಯಾವ ಬೆಟ್ಟದ್ದು?

ಇನ್ನೊಂದು ಅವಳಿಗೆ ಮಾತ್ರ ಗೊತ್ತಿತ್ತು. ಚಳಿಗಾಲಕ್ಕೆ ಮುಂಚೆ ಒಂದು ದಿನ ಹುಡುಗರಿಬ್ಬರೂ ಊಟಕ್ಕೆ ಕೂತು ಗುಸುಗುಸು ಮಾಡುತ್ತಿದ್ದಾಗ ಬೀಪರ್ ಮಾರಿದ ಮಾತು ಕಿವಿಗೆ ಬಿದ್ದಿತ್ತು. "ಯಾರೋ ಮಾರಿದ್ದು?" ಅಂತ ಕೇಳಿದ್ದಳು. "ನಾನೇ ಅಪಾ. ಹಳೇದಾಗಿತ್ತು," ಅಂದಿದ್ದ ಸಿರ್ಗಾಕ್, ಹಲ್ಲು ಕಿಸಿದು. ಗೆಳೆಯನ ಅಪ್ಪ ಅಮ್ಮನನ್ನು ಅವನೂ ಮಗನ ಹಾಗೆ ಆತಾ, ಅಪಾ ಅಂತಲೇ ಕರೆಯುತ್ತಿದ್ದ. ಹಾಗಾದರೆ ಜನವರಿಯಲ್ಲಿ ಅವನ ಎದೆಯ ಮೇಲೆ ಕೂಗಿದ ಬೀಪರ್ ಯಾರದು? ಅವಳು ಲೆಕ್ಕ ಹಾಕಿ ಮುಗಿಸಿಬಿಟ್ಟಿದ್ದಳು. ಮಗ ಸ್ನೇಹಕ್ಕೆ ಸೋತು ತನ್ನದನ್ನು ಇವನಿಗೆ ಕೊಟ್ಟ. ಮೇಲೆ ಹೋದ ಮೇಲೆ ವಾಪಸ್ ಕೇಳಿದ. ಚಳಿಯಲ್ಲಿ ಯಾರು ಜಿಪ್ಪು ಬಿಚ್ಚುತ್ತಾರೆ ಅಂತ ಇವನು ಕೊಡಲಿಲ್ಲ. ಹಾಸಿಗೆಯಲ್ಲಿ ಹೊರಳುತ್ತ ಇದನ್ನು ಎಷ್ಟು ಸಲ ನೋಡಿದ್ದಳೆಂದರೆ, ಮಗ ವಾಪಸ್ ಕೇಳಿದ ದನಿಯೂ ಅವಳಿಗೆ ಬಾಯಿಪಾಠವಾಗಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಅದನ್ನು ಅವನು ತನ್ನ ಬಾಯಾರೆ ಹೇಳಬೇಕು, ನಾಲ್ಕು ಜನರೆದುರು ಹೇಳಬೇಕು.

ಬಾಯಿ ಬಿಡಿಸಲು ಅವಳು ಮಾಡದ ಕಸರತ್ತಿಲ್ಲ. ಅವನು ವಾರಕ್ಕೆರಡು ಸಲ ಸೌದೆ ಒಡೆದುಕೊಡಲು ಬರುತ್ತಿದ್ದ. ಬಂದಾಗಲೆಲ್ಲ ಮಗನ ಜಾಗದಲ್ಲೇ ಕೂರಿಸುವಳು, ಮಗನ ಬಟ್ಟಲಲ್ಲೇ ಬಡಿಸುವಳು.

"ಅದು ಹೇಗಪ್ಪಾ ಕೂಗುತ್ತೆ, ಆ ಬೀಪರ್ರು? ನಾನು ಕೇಳೇ ಇಲ್ಲ. ಒಂದ್ಸಲ ಕೂಗಿ ತೋರ್ಸು."

"ಬೇಡ ಅಪಾ."

"ತೋರ್ಸು ಅಂದೆ. ನನ್ನ ಮಗ ಕೇಳಿದ ಕಡೇ ಸದ್ದು ಅದೇ ಅಲ್ವಾ?"

ಅವನು ಬಟ್ಟಲು ನೋಡಿಕೊಂಡು ಪೀ, ಪೀ ಅಂತ ಕೂಗಿ ತೋರಿಸಿದ. ಅವಳು ಇನ್ನೊಂದು ಸಲ ಅಂದಳು. ಇನ್ನೊಂದು ಸಲ ಕೂಗಿದ. ಮೂಲೆಯಲ್ಲಿ ಕೂತಿದ್ದ ಗಂಡ ಕೆಂಗೆಶ್ ಎದ್ದು ಹೊರಗೆ ಹೋದ. ಅವನ ಗೋಳು ಬೇರೆಯೇ ಇತ್ತು. ಬೀಪರಿಗೆ ಬ್ಯಾಟರಿ ತಂದವನು ಅವನು, ಸಂತೆಯಲ್ಲಿ, ಅಗ್ಗದ್ದು. ಹಿಮ ಕಿತ್ತುಕೊಂಡಿದ್ದರೂ ಎಲ್ಲೋ ಬಿದ್ದು ಕೂಗಬೇಕಿತ್ತಲ್ಲ, ಕೂಗಲಿಲ್ಲ ಅಂದರೆ ಬ್ಯಾಟರಿ ಸತ್ತಿತ್ತು ಅನ್ನುವುದು ಅವನ ತೀರ್ಮಾನ. ಪೊಟ್ಟಣದಲ್ಲಿ ಉಳಿದ ಬ್ಯಾಟರಿಗಳನ್ನು ಟಾರ್ಚಿಗೆ ಹಾಕುವುದು, ಹೊತ್ತಿಸುವುದು, ಆರಿಸುವುದು, ಇದೇ ಅವನ ದಿನಚರಿಯಾಗಿತ್ತು. ಊಟ ಬಿಟ್ಟು ಕಡ್ಡಿಯಾಗಿದ್ದ. ತನಗೆ ತಿಳಿದದ್ದನ್ನು ಹೇಳಿ ಅವನ ಎದೆಯ ಮೇಲಿನ ಕಲ್ಲು ಇಳಿಸಬಹುದಿತ್ತು ಜೂರಾ. ಇಳಿಸಲಿಲ್ಲ. ಅದನ್ನು ಸಿರ್ಗಾಕ್‌ನೇ ಹೇಳಬೇಕು ಅಂತ ಹಟ.

ಬೆಟ್ಟದ ಉಡುಪು, ಬೋರ್ಡು ಮಾರುವ ತಮಾರಾಳ ಅಂಗಡಿ ಬಸ್ ನಿಲ್ದಾಣದ ಹಿಂದೆ. ಹೊಸ ಸಾಮಾನು ಮುಂದೆ, ಹುಡುಗರು ಬದಲಿಗೆ ಬಿಟ್ಟುಹೋದ ಹಳೆಯದು ಹಿಂದೆ. ಊಟಕ್ಕೆ ಎರಡು ದಿನ ಮುಂಚೆ ಜೂರಾ ಸಿರ್ಗಾಕ್‌ನನ್ನು ಕರೆದುಕೊಂಡು ಒಳಗೆ ಕಾಲಿಟ್ಟ ಕೂಡಲೇ ಕಿತ್ತಳೆ ಬಣ್ಣದ ಜಾಕೆಟ್ಟಿಗೆ ಕೈ ಹಾಕಿದಳು. ಕುತ್ಮಾನ್ ಕೊನೆಯ ದಿನ ತೊಟ್ಟಿದ್ದು ಅದೇ ಬಣ್ಣ.

"ಅಪಾ, ನೀಲಿ ಇರ್ಲಿ," ಅಂದ ಸಿರ್ಗಾಕ್.

"ಯಾಕೆ, ಕಿತ್ತಳೆ ಚುಚ್ಚುತ್ತಾ? ಹಿಮದಲ್ಲಿ ಎದ್ದು ಕಾಣುತ್ತಪ್ಪ. ಹುಡುಕೋರಿಗೆ ಸುಲಭ."

ಅವನು ತೊಟ್ಟುಕೊಂಡ. ಶಿರಸ್ತ್ರಾಣವನ್ನು ಅವಳೇ ತಲೆಗೆ ಇಟ್ಟು ಪಟ್ಟಿ ಬಿಗಿದಳು. ಹಿಮದ ಕನ್ನಡಕ ಹಾಕಿಸಿದಳು. ಗ್ಲೌಸಿನ ಒಳಗೆ ತನ್ನ ಕೈ ತೂರಿಸಿ, "ಇದು ಎಷ್ಟು ಹೊತ್ತು ಬೆಚ್ಚಗಿರುತ್ತೆ ತಮಾರಾ? ಮಧ್ಯಾಹ್ನದವರೆಗೆ ಇರುತ್ತಾ?" ಅಂತ ಕೇಳಿದಳು. ಬೂಟು ಕುತ್ಮಾನ್‌ನ ಅಳತೆಯದೇ ಬೇಕು ಅಂದಳು. ಸಿರ್ಗಾಕ್‌ನ ಪಾದ ಅದಕ್ಕಿಂತ ದೊಡ್ಡದು.

"ಹಿಡಿಯುತ್ತಾ?"

"ಹಿಡಿಯುತ್ತೆ ಅಪಾ."

"ನಡೆದು ತೋರ್ಸು."

ಅವನು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದ. ಬೆರಳು ಮುದುರಿಕೊಂಡು ಹಾಕುವ ಹೆಜ್ಜೆ ಹೆತ್ತವಳಿಗೆ ತಿಳಿಯುವುದಿಲ್ಲವೇ? ತಿಳಿಯಿತು, ಹಿತವಾಯಿತು. ಬೋರ್ಡು ಮಾತ್ರ ಅವನೇ ಆರಿಸಿದ. ಕಪ್ಪು ಬೋರ್ಡು, ಹೊಸ ಹಿಮಕ್ಕೆಂದೇ ಮಾಡಿದ ಅಗಲ ಮೂತಿಯದು. ಅದರ ಅಂಚಿನ ಮೇಲೆ ಬೆರಳಾಡಿಸುವಾಗ ಒಂದು ಕ್ಷಣ ಅವನ ಮುಖ ಬೆಳಗಿತು, ಕೂಡಲೇ ನಾಚಿಕೊಂಡು ಕೈ ತೆಗೆದ. ಜೂರಾಳ ಮೈ ಉರಿದುಹೋಯಿತು. ನನ್ನ ಮಗ ಮಣ್ಣಲ್ಲಿ, ಇವನಿಗೆ ಇನ್ನೂ ಆಸೆ.

"ಈಗ ಬೀಪರ್," ಅಂದಳು.

"ಅದು ಬೇಡ ಅಪಾ. ನನ್ನ ಹತ್ರ ಇದೆ."

ಇದಕ್ಕೇ ಕಾದಿದ್ದಳು. "ಇದೆಯಾ? ಯಾರದು?"

"ನಂದೇ."

"ನಿಂದು ನೀನು ಮಾರಿದ್ದೆಯಲ್ಲೋ. ನನ್ನ ಮನೇಲಿ ಕೂತು, ನನ್ನ ಅನ್ನ ತಿಂತಾ ಹೇಳಿದ್ದೆ. ತಮಾರಾ, ಬೀಪರ್ ತೆಗಿ. ಇವನು ಇನ್ನೊಬ್ಬರದು ಕಟ್ಕೊಂಡು ತಿರುಗೋದು ಬೇಡ."

ತಮಾರಾ ಸಿರ್ಗಾಕ್‌ನ ಮುಖ ನೋಡಿದಳು. ಅವನು ಬೇಡ ಅಂತ ತಲೆಯಾಡಿಸಿದ. ತಮಾರಾ ಕೆಟ್ಟವಳಲ್ಲ, ಆದರೆ ಮನಸ್ಸಿನಲ್ಲಿ ಒಂದು ವಿಷಯ ಇಟ್ಟುಕೊಂಡು ನರಳುವ ಜಾತಿಯವಳೂ ಅಲ್ಲ. ಗಲ್ಲಾದ ಕೆಳಗಿಂದ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದು ಮುಂದಿಟ್ಟಳು.

"ನಾನೇ ಮನೆಗೆ ತಂದುಕೊಡಬೇಕು ಅಂತಿದ್ದೆ ಜೂರಾ ಅಕ್ಕಾ. ಧೈರ್ಯ ಬರ್ಲಿಲ್ಲ. ತಗೊಳ್ಳಿ, ದುಡ್ಡು ಬೇಡ."

ಹಳದಿ ಬೀಪರ್. ಅದರ ಪಟ್ಟಿ ಮಗನ ಎದೆಗೆ ಸಡಿಲವಾಗುತ್ತದೆಂದು ಜೂರಾ ತನ್ನ ಕೈಯಾರೆ ಮಡಿಸಿ ಕೆಂಪು ದಾರದಲ್ಲಿ ಹೊಲಿದಿದ್ದಳು. ಆ ಹೊಲಿಗೆ ಹಾಗೇ ಇತ್ತು.

"ಇದು ಇಲ್ಲಿಗೆ ಹೇಗೆ ಬಂತು?"

"ಕುತ್ಮಾನ್ ತಂದುಕೊಟ್ಟಿದ್ದು. ಚಳಿಗಾಲಕ್ಕೆ ಮುಂಚೆ. ಬದಲಿಗೆ ಬೋರ್ಡಿಗೆ ಕಾಲು ಬಿಗಿಯೋ ಹೊಸ ಬೈಂಡಿಂಗ್ ತಗೊಂಡ. ಇದನ್ನ ಕೊಟ್ಬಿಟ್ರೆ ನಿಮ್ಮಪ್ಪ ಅಮ್ಮ ಬೈಯಲ್ವೇನೋ ಅಂದೆ. ನಕ್ಕ."

ಜೂರಾ ಆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು. ಆಮೇಲೆ ಸಿರ್ಗಾಕ್‌ನ ಕಡೆ ತಿರುಗಿದಳು.

"ನೀನು ಮಾರಿದ್ದು ಅಂದ್ಯಲ್ಲ."

"ಅವನು ಟೇಬಲ್ ಕೆಳಗೆ ನನ್ನ ಕಾಲು ತುಳಿದ ಅಪಾ. ನಿಮಗೆ ಗೊತ್ತಾದ್ರೆ ಅಳ್ತೀರಿ ಅಂತ."

"ಮತ್ತೆ ಗೈಡು? ಬೀಪರ್ ಇಲ್ಲದವನನ್ನ ಹೇಗೆ ಬಿಟ್ಟ?"

"ಟ್ರ್ಯಾಕ್ಟರ್ ಹತ್ತೋ ಮುಂಚೆ ಒಬ್ಬೊಬ್ರದೇ ಪರೀಕ್ಷೆ ಮಾಡ್ತಾನೆ. ನಾನು ಮೊದ್ಲು ದಾಟಿ, ಹಿಂದಿಂದ ನಂದನ್ನ ಅವನಿಗೆ ಕೊಟ್ಟೆ. ಅವನು ದಾಟಿದ ಮೇಲೆ ನನಗೆ ವಾಪಸ್ ಕೊಟ್ಟ. ಎಲ್ಲಾ ಹುಡುಗ್ರೂ ಹಾಗೇ ಮಾಡ್ತಾರೆ. ಇವತ್ತು ನೀನೇ ಕಟ್ಕೋ ಅಂದೆ ಅಪಾ, ದೇವರಾಣೆ ಅಂದೆ. ಕೇಳ್ಲಿಲ್ಲ."

ಅವನು ಅಳುತ್ತಿದ್ದ. ಕನ್ನಡಕ ಇನ್ನೂ ಹಣೆಯ ಮೇಲಿತ್ತು. ಇಷ್ಟು ದಿನ ಪೀ ಪೀ ಅಂತ ಕೂಗಿಸಿಕೊಂಡಾಗಲೂ ಬಾಯಿ ಬಿಡದಿದ್ದವನು. ಇನ್ನೊಬ್ಬಳಾಗಿದ್ದರೆ ಅಲ್ಲೇ ಅವನನ್ನು ತಬ್ಬಿಕೊಳ್ಳುತ್ತಿದ್ದಳು. ಜೂರಾಗೆ ಹಾಗೇನೂ ಅನ್ನಿಸಲಿಲ್ಲ. ಸತ್ತವನ ಕೆನ್ನೆಗೆ ಬಾರಿಸಲಾಗುವುದಿಲ್ಲ, ಬದುಕಿದ್ದವನು ಎದುರಿಗೇ ನಿಂತಿದ್ದ. ತಾನು ಆರಿಸಿ, ಹೊಲಿದು, ಎದೆಗೆ ಕಟ್ಟಿ ಕಳಿಸಿದ್ದನ್ನು ಮಗ ಎರಡು ಪ್ಲಾಸ್ಟಿಕ್ ಪಟ್ಟಿಗೆ ಮಾರಿಕೊಂಡ ಅನ್ನುವುದನ್ನು ಅವಳು ಯಾರ ಮುಂದೆ ಆಡಿಯಾಳು?

"ನಾಡಿದ್ದು ಊಟದಲ್ಲಿ ಉಡುಪು ತೊಡಿಸಿದ ಮೇಲೆ ನೀನು ಮಾತಾಡ್ಬೇಕು," ಅಂದಳು. "ಕುತ್ಮಾನ್ ತನ್ನ ಬೀಪರ್ ನನಗೆ ಕೊಟ್ಟ ಅನ್ಬೇಕು. ಮೇಲೆ ಹೋಗಿ ವಾಪಸ್ ಕೇಳಿದ, ಚಳೀಲಿ ಜಿಪ್ ಬಿಚ್ಚೋಕೆ ಬೇಜಾರಾಗಿ ನಾನು ಕೊಡ್ಲಿಲ್ಲ ಅನ್ಬೇಕು. ಜಿಪ್ಪಿನ ಮಾತು ಮರೀಬೇಡ."

ಸಿರ್ಗಾಕ್ ಕನ್ನಡಕ ಕಳಚಿ ಗಲ್ಲಾದ ಮೇಲಿಟ್ಟ.

"ಅಪಾ, ಅದು ಸುಳ್ಳಲ್ವಾ."

"ನಿಮ್ಮ ಆತಾ ಬ್ಯಾಟರಿ ಹಿಡ್ಕೊಂಡು ಸಾಯ್ತಾ ಇದಾರೆ. ನೋಡಿಲ್ವಾ?"

"ನಿಜ ಹೇಳಿದ್ರೂ ಅವರ ಬ್ಯಾಟರಿ ತಪ್ಪಲ್ಲ ಅಂತ ಗೊತ್ತಾಗುತ್ತಲ್ಲ."

"ನಿಜ ಹೇಳಿದ್ರೆ ನನ್ನ ಮಗ ಸುಳ್ಳುಗಾರ ಆಗ್ತಾನೆ. ಅವನು ಸತ್ತಾಗಿದೆ, ಇನ್ನು ತಿದ್ಕೊಳ್ಳೋಕಾಗಲ್ಲ. ನೀನು ಬದುಕಿದೀಯ."

"ನಮ್ಮ ಹುಡುಗ್ರು ಇನ್ನು ನನ್ನ ಜೊತೆ ಬೆಟ್ಟಕ್ಕೆ ಬರ್ತಾರಾ ಅಪಾ? ಈ ಊರಲ್ಲಿ ಯಾವ ಗೈಡ್ ಟ್ರ್ಯಾಕ್ಟರ್ ಹತ್ತಿಸ್ತಾನೆ? ಸತ್ತವನ ಬೀಪರ್ ಕಟ್ಕೊಂಡಿದ್ದೋನು ಅಂದ್ಮೇಲೆ?"

"ಅದಕ್ಕೇ ಬೋರ್ಡ್ ಕೊಡ್ತಾ ಇದೀನಲ್ಲ," ಅಂದಳು ಜೂರಾ.

ತಮಾರಾಗೆ ನೀನೇನೂ ನೋಡಿಲ್ಲ ಅಂತ ಹೇಳಿ, ಹಳದಿ ಬೀಪರ್ ಅನ್ನು ಮಡಿಲಿಗೆ ಹಾಕಿಕೊಂಡಳು. ಗೈಡ್ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಒಂದೇ ಬೀಪರಿಗೆ ಇಬ್ಬರನ್ನು ಬಿಟ್ಟವನು ತನ್ನ ಕೆಲಸ ಉಳಿಸಿಕೊಳ್ಳಲು ಬಾಯಿಗೆ ಬೀಗ ಹಾಕಿಕೊಂಡೇ ಇರುತ್ತಾನೆ. "ನಂದನ್ನ ದಾಟಿಸಿ ಕೊಡ್ದೆ ಅವನನ್ನ ಕೆಳಗೇ ಬಿಟ್ಟು ಹೋಗ್ಬೇಕಿತ್ತು ನಾನು," ಅಂತಷ್ಟೇ ಅಂದು ಸಿರ್ಗಾಕ್ ಸಾಮಾನು ಹೊತ್ತುಕೊಂಡ.

ನಲವತ್ತನೆಯ ದಿನ ಅಂಗಳದಲ್ಲಿ ಕುದುರೆಮಾಂಸ ಬೆಂದಿತು, ಎಣ್ಣೆಯಲ್ಲಿ ಕರಿದ ಬೂರ್ಸೋಕ್ ರಾಶಿ ಬಿತ್ತು, ಮುಲ್ಲಾ ಓದಿ ಮುಗಿಸಿದರು. ಮೂವರು ಹಿರಿಯರು ನಿಲುವಂಗಿ ತೊಟ್ಟು ಹರಸಿದರು. ಆಮೇಲೆ ಸಿರ್ಗಾಕ್‌ನನ್ನು ಮಧ್ಯಕ್ಕೆ ಕರೆದರು. ಕಿತ್ತಳೆ ಜಾಕೆಟ್ಟು, ಶಿರಸ್ತ್ರಾಣ, ಬೂಟು ತೊಟ್ಟು ಕಂಕುಳಲ್ಲಿ ಕಪ್ಪು ಬೋರ್ಡು ಹಿಡಿದು ನಿಂತವನನ್ನು ಕಂಡು ಮುದುಕಿಯರು ಕುತ್ಮಾನ್‌ನೇ ಎದ್ದು ಬಂದ ಹಾಗಿದೆ ಅಂತ ದನಿಯೆತ್ತಿ ಅತ್ತರು. ಕೆಂಗೆಶ್ ಅವನ ಭುಜ ಸವರಿ, "ನನಗಿನ್ನು ನೀನೇ ಮಗ ಕಣಪ್ಪಾ," ಅಂದ.

ಆಗ ಸಿರ್ಗಾಕ್ ಹೇಳಿದ. ಒಂದಕ್ಷರ ಬಿಡದೆ ಹೇಳಿದ. ಜಿಪ್ಪಿನ ಮಾತನ್ನೂ ಹೇಳಿದ.

ಕೆಂಗೆಶ್‌ನ ಕೈ ಅವನ ಭುಜದ ಮೇಲೇ ಇತ್ತು. "ಬ್ಯಾಟರಿ?" ಅಂತ ಕೇಳಿದ.

"ಸರಿ ಇತ್ತು ಆತಾ. ಚೆನ್ನಾಗಿ ಕೂಗ್ತು. ಅದಕ್ಕೇ ನಾನು ಸಿಕ್ಕಿದ್ದು."

ಮುದುಕ ಉಸಿರು ಬಿಟ್ಟ. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಅದು. ಆಮೇಲೆ ಕೈ ತೆಗೆದುಕೊಂಡು, ಅವನ ಹೊಸ ಬೂಟಿನ ಮೇಲೆ ಉಗಿದು, ತನ್ನ ಜಾಗಕ್ಕೆ ಹೋಗಿ ಕೂತು ಮಾಂಸದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಬೆಟ್ಟದ ಗೆಳೆಯರು ಒಬ್ಬೊಬ್ಬರಾಗಿ ತಮ್ಮ ಬಟ್ಟಲು ಎತ್ತಿಕೊಂಡು ಆ ಕಡೆಯ ಜಮಖಾನೆಗೆ ಹೋದರು. ಸಿರ್ಗಾಕ್‌ನ ಸುತ್ತ ಖಾಲಿಯಾಯಿತು.

ಜೂರಾ ಆ ಮಾತುಗಳನ್ನು ಕಣ್ಣು ಮುಚ್ಚಿ ಕೇಳಿದ್ದಳು. ತಾನೇ ಹೇಳಿಕೊಟ್ಟ ಮಾತು ಅನ್ನುವುದು ಅವಳಿಗೆ ನೆನಪಿದ್ದರೂ ಲೆಕ್ಕಕ್ಕೆ ಬರಲಿಲ್ಲ. ಹಾಸಿಗೆಯಲ್ಲಿ ಹೊರಳುತ್ತ ಬಯಸಿದ್ದು ಇದನ್ನೇ, ಅವನ ಬಾಯಿಂದಲೇ, ಜನರೆದುರೇ. ಎದೆ ತಣ್ಣಗಾಯಿತು. ಮಗ ಮತ್ತೆ ಅವಳವನಾದ, ಕೊಟ್ಟು ಕೆಟ್ಟ ಒಳ್ಳೆಯ ಹುಡುಗನಾದ. ಅವಳು ಎದ್ದು ಸಿರ್ಗಾಕ್‌ನ ಹತ್ತಿರ ಬಂದು ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದಳು.

"ಸಾಕಾ ಅಪಾ?" ಅಂತ ಅವನು ಮೆಲ್ಲಗೆ ಕೇಳಿದ.

"ಇನ್ನೊಂದ್ಸಲ ಹೇಳು," ಅಂದಳು. "ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ."

ಅವನು ಮೊದಲಿನಿಂದ ಹೇಳಿದ.