ಮೂಕ ಮಷೀನಿನ ವಕೀಲ

ಅಂಬ್ರಪ್ಪನವರು ಒಬ್ಬರಿಗೆ ಗುಟ್ಟು ಹೇಳಿದರೆ ಇಡೀ ಕ್ಯಾಂಪಿಗೆ ಗೊತ್ತಾಗುತ್ತಿತ್ತು. ತನ್ನ ದನಿ ಎಷ್ಟು ದೊಡ್ಡದೆಂಬುದು ತನಗೇ ಕೇಳಿಸದ ಮನುಷ್ಯನ ಗುಟ್ಟಿಗೆ ಬೇರೆ ಗತಿಯಿಲ್ಲ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕಚೇರಿಯಲ್ಲಿ ಜವಾನರಾಗಿದ್ದ ಅವರು, ‘ಸಾಹೇಬ್ರು ಇವತ್ತ ಸಿಟ್ಟಿನ್ಯಾಗ ಅದಾರ’ ಎಂದು ಗುಮಾಸ್ತರ ಕಿವಿಯಲ್ಲಿ ಪಿಸುಗುಟ್ಟಿದರೆ ಒಳಗಿನ ಕೋಣೆಯಿಂದ ಸಾಹೇಬರೇ ತಲೆಯೆತ್ತಿ ನೋಡುತ್ತಿದ್ದರು. ಇದಕ್ಕಿಂತ ವಿಚಿತ್ರವಾದದ್ದು ಪ್ರತಿ ಮಾತಿನ ಕೊನೆಗೂ ಅವರು ಅಂಟಿಸುತ್ತಿದ್ದ ಪ್ರಶ್ನೆ: ‘ಕೇಳಿಸ್ತೇನ್ರಿ?’ ಕಿವಿ ಹೋಗಿದ್ದು ಅವರದು. ಆತಂಕವೆಲ್ಲ ನಮ್ಮ ಕಿವಿಯ ಬಗ್ಗೆ.

ಅವರ ನಡಿಗೆಯೂ ಹಾಗೆಯೇ, ಮುಂದೆ ಹೋಗುವವರದಲ್ಲ, ಹಿಂದಿನಿಂದ ಏನೋ ಬರುತ್ತಿದೆ ಎಂದು ಬಲ್ಲವರದು. ಸೈಕಲ್ಲಿನ ಗಂಟೆ, ಟ್ರ್ಯಾಕ್ಟರಿನ ಹಾರ್ನು ಯಾವುದೂ ತಲುಪದ ಕಾರಣ ನಾಲ್ಕು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ನೋಡುತ್ತ, ಎಂಥ ಉರಿ ಬೇಸಿಗೆಯಲ್ಲೂ ಇಲಾಖೆ ಕೊಟ್ಟ ಖಾಕಿ ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚದೆ ಅವರು ಬರುತ್ತಿದ್ದುದನ್ನು ದೂರದಿಂದಲೇ ಗುರುತಿಸಬಹುದಾಗಿತ್ತು.

ಕೃಷ್ಣೆಯ ನೀರನ್ನು ಶಹಾಪುರದ ಸೀಮೆಗೆ ತರಲು ಕಾಲುವೆ ತೋಡುತ್ತಿದ್ದ ವರ್ಷಗಳಲ್ಲಿ ಅವರು ಬಂಡೆಗೆ ಮದ್ದು ತುಂಬಿ ಸಿಡಿಸುವ ಗುಂಪಿನ ಮೇಸ್ತ್ರಿಯಾಗಿದ್ದರು. ದೋರನಹಳ್ಳಿಯ ಕಡೆ ಒಂದು ಮಧ್ಯಾಹ್ನ ಸಿಡಿಯದೆ ಉಳಿದ ಮದ್ದೊಂದನ್ನು ನೋಡಲು, ಆಳುಗಳನ್ನು ಕಳಿಸದೆ ತಾವೇ ಹೋದರು. ಆಗ ಅದು ಸಿಡಿಯಿತು. ಮೈಗೆ ಹೆಚ್ಚಿನ ಗಾಯವಾಗಲಿಲ್ಲ. ಎರಡೂ ಕಿವಿಗಳಿಂದ ರಕ್ತ ಇಳಿಯಿತು, ಅಷ್ಟೆ. ಆ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಜನರೊಂದಿಗೆ ಅವರೂ ದಂಡೆಯ ಮೇಲೆ ನಿಂತಿದ್ದರಂತೆ. ನೀರು ಕಾಣಿಸಿತು, ನೀರಿನ ಸದ್ದು ಕೇಳಿಸಲಿಲ್ಲ.

ಇಲಾಖೆ ಅವರನ್ನು ಕಚೇರಿಯ ಜವಾನರನ್ನಾಗಿ ತೆಗೆದುಕೊಂಡಿತು. ಜನ ಅವರೊಡನೆ ಆಡುವ ಮಾತು ಮಾತ್ರ ಸವೆಯುತ್ತ ಬಂತು. ಉಂಡಿರೇನು, ಹೊರಟಿರೇನು ಎಂಬ ಕೈಸನ್ನೆಗಳಷ್ಟೇ ಉಳಿದವು. ಒಂದು ಕಾಲಕ್ಕೆ ಚಹಾ ಅಂಗಡಿಯ ಕಟ್ಟೆಯ ಮೇಲೆ ಯಾವ ವಾದವನ್ನೂ ಸೋಲದೆ ಮುಗಿಸುತ್ತಿದ್ದ ಮನುಷ್ಯ ಈಗ ಎಲ್ಲರೂ ನಗುವಾಗ ಒಂದು ಕ್ಷಣ ತಡವಾಗಿ ನಗುತ್ತಿದ್ದರು.

ನಾನು ಶಹಾಪುರದ ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರನಾಗಿದ್ದು, ಕ್ಯಾಂಪಿನಲ್ಲಿ ಬಾಡಿಗೆಗಿದ್ದೆ. ಸಂಜೆ ಮರಳುವ ಬಸ್ಸು ತಡವಾದಾಗ ಶಹಾಪುರದ ನಿಲ್ದಾಣದ ಎದುರಿನ ಮೈನುದ್ದೀನನ ವಿಡಿಯೋ ಗೇಮಿನ ಅಂಗಡಿಯ ನೆರಳಿನಲ್ಲಿ ನಿಲ್ಲುವುದು ರೂಢಿ. ಅಲ್ಲಿಯೇ, ತೊಂಬತ್ತರ ದಶಕದ ಕೊನೆಗೊಂದು ದಿನ, ಖಾಕಿ ಕೋಟಿನ ಬೆನ್ನನ್ನು ಕಂಡು ಬೆರಗಾದೆ. ಅಂಗಡಿಯಲ್ಲಿ ಮೂರು ಮಷೀನುಗಳಿದ್ದವು. ಬಡಿದಾಟದ ಆಟಗಳಿದ್ದ ಎರಡರ ಮುಂದೆ ನೂಕುನುಗ್ಗಲು. ಮೂರನೆಯದು ಬಡಿದಾಟದ್ದೇ ಇನ್ನೊಂದು ಆಟ. ಯಾವ ದೇಶದ್ದೋ, ಅದರ ಹೆಸರಿನ ಲಿಪಿಯನ್ನು ಓದಬಲ್ಲವರು ನಮ್ಮಲ್ಲಿರಲಿಲ್ಲ. ಸ್ಪೀಕರ್ ಸುಟ್ಟುಹೋಗಿದ್ದ ಅದನ್ನು ಎಲ್ಲರೂ ‘ಮೂಕ ಮಷೀನ್’ ಎನ್ನುತ್ತಿದ್ದರು. ಯಾರೂ ಮುಟ್ಟದ ಅದರ ಮುಂದೆ ಅಂಬ್ರಪ್ಪನವರು ಕಾಲು ಅಗಲಿಸಿ ನಿಂತಿದ್ದರು.

‘ಬರ್ರಿ ಮಾಸ್ತರ್ರೀ,’ ಎಂದು ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಕರೆದರು. ‘ಆ ಎರಡು ಮಷೀನಿನ್ಯಾಗ ಏನದ? ಕೈಯಾಗಿಂದ ಬೆಂಕಿ ಬರ್ತದ, ಮನಷ್ಯಾ ಮುಗಿಲಿಗಿ ಹಾರತಾನ. ಗುಂಡಿ ಕುಟ್ಟಿದವ ಗೆಲ್ತಾನ. ಇಲ್ಲಿ ನೋಡ್ರಿ. ಹೊಡ್ಯಾಕ ಬರೂವಾಗ ಮೊದ್ಲ ಕಾಲಿನ ಹಿಂಬಡ ಎತ್ತತಾನ. ಒಂದೇ ಸವನ ಹೊಡದ್ರ ಭುಜ ಇಳೀತಾವ, ದಮ್ಮು ಹತ್ತತದ. ದಮ್ಮು ಹತ್ತಿದವನ ಏಟಿಗಿ ಜೋರಿಲ್ಲ. ಕೇಳಿಸ್ತೇನ್ರಿ?’

ಅವರ ಮಾತು ನಿಜವಾಗಿತ್ತು. ಉಳಿದ ಆಟಗಳಲ್ಲಿರುವಂತೆ ಎಷ್ಟು ಪ್ರಾಣ ಉಳಿದಿದೆ ಎಂದು ತೋರಿಸುವ ಪಟ್ಟಿ ಇದರಲ್ಲಿರಲಿಲ್ಲ. ಎದುರಾಳಿಯ ದಣಿವನ್ನು ಅವನ ಎದೆಯ ಏರಿಳಿತದಲ್ಲಿ, ಬಾಗಿದ ಬೆನ್ನಿನಲ್ಲಿ ಓದಿಕೊಳ್ಳಬೇಕಿತ್ತು. ಬಿದ್ದವನನ್ನು ಹೊಡೆಯಲು ಬರುತ್ತಿರಲಿಲ್ಲ. ಅವನು ಎದ್ದು ನಿಲ್ಲುವವರೆಗೆ ಗೆಲ್ಲುವವನು ಎರಡು ಹೆಜ್ಜೆ ಹಿಂದೆ ಸರಿದು ಕಾಯಬೇಕು. ಅಂಬ್ರಪ್ಪನವರು ಯಾವಾಗಲೂ ಆರಿಸುತ್ತಿದ್ದುದು ಬೊಜ್ಜು ಹೊಟ್ಟೆಯ ಒಬ್ಬ ಬೋಳು ಮುದುಕನನ್ನು. ಆ ಮುದುಕ ಬಹಳ ಹೊತ್ತು ಸುಮ್ಮನೆ ನಿಂತಿರುತ್ತಿದ್ದ. ಎದುರಿನವನು ದಣಿದ ಮೇಲೆ ಒಂದೇ ಒಂದು ಏಟು. ಅವರು ಕೈ ಹಿಡಿದೆಳೆದಾಗ ಸಿಕ್ಕವರೆಲ್ಲ, ಬಸ್ಸಿನ ಕಂಡಕ್ಟರರು ಸಹಿತ, ಆಡಿ ಸೋತು ಹೋಗುತ್ತಿದ್ದರು. ನಾನಂತೂ ಸೋಲಿನಲ್ಲಿ ಪಳಗಿದೆ. ‘ವಕೀಲರು ಬಂದ್ರು,’ ಎಂದು ಮೈನುದ್ದೀನ ನಗುತ್ತಿದ್ದ.

ಆದರೂ ಗಿರಾಕಿಗಳು ಆ ಕಡೆ ಹೊರಳಲಿಲ್ಲ. ಮೈನುದ್ದೀನ ಅದನ್ನು ಗುಲ್ಬರ್ಗದ ವ್ಯಾಪಾರಿಗೆ ಹಿಂದಿರುಗಿಸಲು ನಿರ್ಧರಿಸಿ, ಒಂದು ಸಂಜೆ ಅವರಿಗೆ ಸನ್ನೆ ಮಾಡಿ ತಿಳಿಸಿದ. ಅಂಬ್ರಪ್ಪನವರ ವಾದ ಶುರುವಾಯಿತು: ಹಿಂಬಡ, ಭುಜ, ದಮ್ಮು, ಬಿದ್ದವನನ್ನು ಹೊಡೆಯದ ನ್ಯಾಯ. ಇಂಥ ಆಟಕ್ಕೆ ಜನ ಯಾಕೆ ಬರುವುದಿಲ್ಲ ಎಂದು ಅವರು ಮತ್ತೆ ಮತ್ತೆ ಕೇಳಿದಾಗ ಮೈನುದ್ದೀನ ಬೇಸತ್ತು ಮೊದಲು ತನ್ನ ಕಿವಿ ಮುಟ್ಟಿಕೊಂಡ, ಆಮೇಲೆ ಮಷೀನಿನ ಸ್ಪೀಕರನ್ನು ತೋರಿಸಿ ಕೈ ಅಲ್ಲಾಡಿಸಿದ. ‘ಮೂಕ ಅದ ಕಾಕಾ. ಆವಾಜೇ ಇಲ್ಲ. ಸ್ಪೀಕರ್ ಸುಟ್ಟು ವರ್ಷ ಆಯ್ತು.’

ಅಂಬ್ರಪ್ಪನವರು ಮೊದಲ ಮಷೀನಿನ ಪಕ್ಕಕ್ಕೆ ಅಂಗೈ ಒತ್ತಿದರು. ಅದು ಅದುರುತ್ತಿತ್ತು. ಎರಡನೆಯದೂ ಅದುರುತ್ತಿತ್ತು. ತಮ್ಮ ಮಷೀನಿನ ಮೇಲೆ ಇಟ್ಟ ಕೈಯನ್ನು ಮಾತ್ರ ಬಹಳ ಹೊತ್ತು ತೆಗೆಯಲಿಲ್ಲ.

‘ನನಗ್ಯಾಕ ಯಾರೂ ಹೇಳಲಿಲ್ಲ?’ ಎಂದರು. ಅಷ್ಟು ಸಣ್ಣ ದನಿ ಅವರೊಳಗಿದೆಯೆಂದು ನಮಗೆ ತಿಳಿದದ್ದೇ ಆಗ.

ಆಮೇಲೆ ಅವರು ಅಂಗಡಿಯ ಕಡೆ ಸುಳಿಯಲಿಲ್ಲ. ಕೆಲವು ದಿನ ನೋಡಿ ಅವರ ಕ್ವಾರ್ಟರ್ಸಿಗೆ ಹೋದೆ. ಅಂಬ್ರಪ್ಪನವರು ಬಾಬಾಸಾಹೇಬರ ಫೋಟೊದ ಕೆಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರ ಹೆಂಡತಿ ದೇವಕಮ್ಮ, ವರ್ಷಗಟ್ಟಲೆ ಗಂಡನ ಕಿವಿಗೆ ಕೂಗಿ ಕೂಗಿ ಗಂಟಲು ಒಡೆದುಕೊಂಡ ಆ ಗಟ್ಟಿ ಹೆಣ್ಣುಮಗಳು, ಚಹಾ ಕೊಡುತ್ತ ಹೇಳಿದರು:

‘ಮಷೀನ್ ಮೂಕ ಅಂತ ಸಿಟ್ಟಿಲ್ರಿ ಇವ್ರಿಗಿ. ಇಷ್ಟು ದಿನ ಮಂದಿ ತಮ್ಮ ಕೂಡ ಸರಿಸಾಟಿ ಆಡಾಕತ್ತಾರ ಅಂತ ತಿಳಕೊಂಡಿದ್ರು. ಈಗ ಅಂತಾರ, ಕಿವುಡಗ ಮೂಕ ಮಷೀನ್ ಕೊಟ್ಟು ಕುಂದ್ರಿಸಿ ಮಜಾ ನೋಡಿದ್ರು ಅಂತ.’

ಹಾಗಲ್ಲ ಎಂದು ಅವರಿಗೆ ಹೇಗೆ ಹೇಳುವುದು? ನಾನು ದೇವಕಮ್ಮನಿಗೆ ಆಟವನ್ನು ವಿವರಿಸಲು ತೊಡಗಿ ಅರ್ಧಕ್ಕೇ ನಿಂತೆ. ದೇವಕಮ್ಮ ಸೆರಗು ಸಿಕ್ಕಿಸಿಕೊಂಡು, ‘ಏನದ ಅದರಾಗ, ನಾನೇ ಹೋಗಿ ನೋಡ್ತೀನಿ,’ ಎಂದರು.

ಭಾನುವಾರ ಅವರು ಗಂಡನನ್ನು ಕೋಟಿನ ತೋಳು ಹಿಡಿದು ಕರೆತಂದರು. ಹೆಣ್ಣುಮಗಳೊಬ್ಬಳು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲಿರಬೇಕು. ಮೈನುದ್ದೀನ ಗಡಬಡಿಸಿ ಸ್ಟೂಲು ಎಳೆದ. ದೇವಕಮ್ಮ ಕೂರಲಿಲ್ಲ. ಪರದೆಯ ಮೇಲೆ ಉದ್ದ ಜಡೆಯ ಹುಡುಗಿಯೊಬ್ಬಳನ್ನು ಆರಿಸಿಕೊಂಡು ಗಂಡನ ಮುದುಕನ ಎದುರು ನಿಲ್ಲಿಸಿದರು. ಜಡೆಯ ಹುಡುಗಿ ಬಿದ್ದಳು. ಮುದುಕ ಹಿಂದೆ ಸರಿದು ಕಾದ. ಎದ್ದಳು, ಮತ್ತೆ ಬಿದ್ದಳು. ಅಂಬ್ರಪ್ಪನವರಿಗೆ ಮುನಿಸು ಮರೆತೇ ಹೋಯಿತು. ‘ಹಿಂಬಡ ನೋಡು! ಹಿಂಬಡ!’ ಎಂದು ಅಬ್ಬರಿಸತೊಡಗಿದರು. ನಿಲ್ದಾಣದವರೆಲ್ಲ ತಿರುಗಿ ನೋಡುತ್ತಿದ್ದರು. ದೇವಕಮ್ಮನಿಗೆ ನಾಚಿಕೆಯಾಯಿತು. ಆಟದ ಗುಂಡಿಗಳಿಂದ ಕೈ ತೆಗೆದು, ಗಂಡನ ಮುಖಕ್ಕೆ ನೇರವಾಗಿ ತಿರುಗಿ, ಕೂಗದೆ, ಒಂದೊಂದೇ ಮಾತು ಬಿಡಿಸಿ ಹೇಳಿದರು: ‘ಒದರಬ್ಯಾಡ್ರಿ. ನನಗ ಕೇಳತದ.’

ಅಂಬ್ರಪ್ಪನವರು ಆಟ ಬಿಟ್ಟು ಹೆಂಡತಿಯ ಕಡೆ ಬಾಗಿದರು. ‘ಕೇಳತದ ಅಂದಿ?’ ಎಂದರು.

‘ಹ್ಞೂಂ. ಕೇಳತದ.’

ಕೂಗದೆ ಆಡಿದ ಮಾತು ಅಂಬ್ರಪ್ಪನವರಿಗೆ ತಿಳಿದಿತ್ತು. ಇಷ್ಟು ವರ್ಷ ಸನ್ನೆ ಸಾಲದಾಗ ಎಲ್ಲರೂ, ಹೆಂಡತಿಯೂ, ಪಕ್ಕದಿಂದ ಬಂದು ಅವರ ಸತ್ತ ಕಿವಿಗೆ ಬಾಯಿಟ್ಟು ಕೂಗಿದ್ದರು. ಹಾಗೆ ಕೂಗುವಾಗ ಮಾತನಾಡುವ ಮುಖವೇ ಅವರಿಗೆ ಕಾಣುತ್ತಿರಲಿಲ್ಲ. ಆಟದ ಮನುಷ್ಯನ ಹಿಮ್ಮಡಿಯನ್ನು ಓದಬಲ್ಲ ಕಣ್ಣು ಹೆಂಡತಿಯ ತುಟಿಯನ್ನು ಓದದೇ ಇರುತ್ತದೆಯೇ? ದೇವಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ನಿಮ್ಮ ಮುದುಕ ಬಲು ಮೋಸಗಾರ ಅದಾನ,’ ಎಂದು ಮೆಲ್ಲಗೆ ಬೈದರು. ಅಂಬ್ರಪ್ಪನವರು ನಕ್ಕರು, ತಡಮಾಡದೆ.

ಮೈನುದ್ದೀನನ ಮನಸ್ಸು ಕರಗಿತ್ತು. ಮಷೀನು ಕಳಿಸುವುದಿಲ್ಲ, ಹೀಗೇ ಮೂಕವಾಗಿಯೇ ನಿಮಗಾಗಿ ಇಡುತ್ತೇನೆ ಎಂದು ಅವನೂ ಎದುರಿಗೆ ನಿಂತು ಹೇಳಿದ. ಅಂಬ್ರಪ್ಪನವರು ಬೇಡವೆಂದು ತಲೆಯಾಡಿಸಿದರು.

‘ನನಗಂತ ಇಡಬ್ಯಾಡ. ರಿಪೇರಿ ಮಾಡಸು. ಮಂದಿಗಿ ಆವಾಜ್ ಬೇಕು, ಇರಲಿ. ಆಟ ಛಲೋ ಅದ ಅಂತ ನಾ ಅಂದಿದ್ದು ಆವಾಜಿಲ್ಲ ಅಂತಲ್ಲ.’

ಗುಲ್ಬರ್ಗದಿಂದ ಬಂದ ಮೆಕ್ಯಾನಿಕ್ ಹೊಸ ಸ್ಪೀಕರ್ ಹಾಕಿದ. ಆಗ ತಿಳಿಯಿತು: ಆ ಆಟದಲ್ಲಿ ಅಬ್ಬರದ ಸಂಗೀತವೇ ಇರಲಿಲ್ಲ, ಹೊಡೆಯುವವನು ಉಸಿರೆಳೆದುಕೊಳ್ಳುವ ಸದ್ದು, ನೆಲಕ್ಕೆ ಉಜ್ಜುವ ಪಾದದ ಸದ್ದು, ಇಷ್ಟೇ. ಗಿರಾಕಿಗಳು ನಿಧಾನವಾಗಿ ಬಂದರು. ಬಂದವರು ಬೇಗ ಹೋಗಲಿಲ್ಲ. ಉಸಿರಿನ ಸದ್ದು ಹಿಡಿದು ಏಟು ತಪ್ಪಿಸಿಕೊಳ್ಳಲು ಅವರು ಕಲಿತಮೇಲೆ ಅಂಬ್ರಪ್ಪನವರು ಸೋಲತೊಡಗಿದರು. ಒಂದು ಸಂಜೆ ಸಾಲಾಗಿ ಸೋತು, ಬೆವರೊರೆಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತು, ‘ಈಗ ಖರೇ ಆಟ ಶುರುವಾತು ನೋಡ್ರಿ,’ ಎಂದರು. ಆ ಮುಖದಲ್ಲಿ ಅವರು ಗೆದ್ದ ದಿನಗಳಲ್ಲೂ ನಾನು ಕಾಣದ ಕಳೆಯಿತ್ತು.

ಕೆಲವು ವರ್ಷಗಳಲ್ಲಿ ಮೈನುದ್ದೀನ ಮಷೀನುಗಳನ್ನು ಮಾರಿ ಮೊಬೈಲ್ ಅಂಗಡಿ ಹಾಕಿದ. ಅಂಬ್ರಪ್ಪನವರು ಎರಡು ದಿನ ಬೇಜಾರಾಗಿದ್ದು, ಮೂರನೆಯ ದಿನ ಯಾರೂ ಹತ್ತದ, ಹಳ್ಳಿಹಳ್ಳಿ ಸುತ್ತಿ ಸುರಪುರಕ್ಕೆ ಹೋಗುವ ಮಧ್ಯಾಹ್ನದ ಬಸ್ಸಿನ ಪರವಾಗಿ ವಾದಿಸತೊಡಗಿದ್ದರು.

ಎಲ್ಲ ಊರುಗಳಲ್ಲೂ ಇಂಥ ಒಬ್ಬರಿರುತ್ತಾರೆ. ಲೋಕ ಬದಿಗೆ ತಳ್ಳಿದ್ದರ ಮುಂದೆ ನಿಂತು, ಹೋಗುವವರ ಕೈ ಹಿಡಿದೆಳೆದು, ಒಂದು ಸಲ ನೋಡಿ ಹೋಗಿ ಎನ್ನುವವರು. ಅವರನ್ನು ನಾವು ಹಟಮಾರಿಗಳೆನ್ನುತ್ತೇವೆ, ತಮ್ಮದೇ ಒಂಟಿತನಕ್ಕೆ ಜೊತೆ ಹುಡುಕುವವರೆಂದು ಕನಿಕರಪಡುತ್ತೇವೆ. ಆದರೆ ಅವರು ಬೇಡುವುದು ಕನಿಕರವನ್ನಲ್ಲ, ಗಮನವನ್ನು. ಅದೂ ತಮಗಾಗಿಯಲ್ಲ, ತಾವು ಮೆಚ್ಚಿದ್ದಕ್ಕಾಗಿ. ತಾನು ಮೆಚ್ಚಿದ್ದು ತನ್ನೊಬ್ಬನದೇ ಆಗಿ ಉಳಿಯಲಿ ಎನ್ನುವುದು ಸುಲಭದ ಪ್ರೀತಿ. ಅದು ಎಲ್ಲರದಾಗಲಿ, ಅದರಿಂದ ನಾನು ಸೋತರೂ ಆಗಲಿ ಎನ್ನಲು ಬೇರೆಯದೇ ಒಂದು ದೊಡ್ಡಸ್ತಿಕೆ ಬೇಕು.