ಶೀತಲಳ ಕುಬಸ

ಶಾಸಕ ವಿಜಯಕುಮಾರನ ಹೆಂಡತಿ ಸ್ನೇಹಲತಾ ಮೈಕು ಹಿಡಿದರೆ ಎದುರಿಗೆ ಕೂತ ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳದೆ ಏಳುತ್ತಿರಲಿಲ್ಲ. ಅವಳು ಹೇಳುವ ಕಥೆ ಒಂದೇ. ಹೈದರಾಬಾದಿನ ಯಾವ ಮೂಲೆಯಲ್ಲಿ ಸಭೆಯಾಗಲಿ, ತೆಲುಗಿನಲ್ಲಾಗಲಿ ಹಿಂದಿಯಲ್ಲಾಗಲಿ, ಅದೇ ಕಥೆ. ಗಂಡನ ಅಣ್ಣ ಶಾಂತಕುಮಾರ ತೀರಿಕೊಂಡಾಗ ನೆಗೆಣ್ಣಿ ರೇಣುಕಾಳ ಬಳೆ ಒಡೆಯಲು ಬಂದ ಮುದುಕಿಯರನ್ನು ತಾನು ತಡೆದದ್ದು. ಆಕೆಯ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಈಕಿ ಬಳಿ ಒಡಿಬೇಕಂದ್ರ ಮೊದಲ ನನ್ನವು ಒಡೀರಿ" ಎಂದದ್ದು. ಕಥೆ ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಅದೂ ನಾಟಕವೇ ಇದ್ದೀತು ಎಂದು ಯಾರಿಗಾದರೂ ಅನ್ನಿಸಬಹುದು. ಅವತ್ತು ಅವಳಿಗಿದ್ದದ್ದು ಅಪ್ಪಟ ಧೈರ್ಯ.

ಆ ಧೈರ್ಯದಿಂದಲೇ 'ತುಂಬಿದ ಉಡಿ' ಎನ್ನುವ ಕಾರ್ಯಕ್ರಮ ಹುಟ್ಟಿತು. ಗಂಡ ಸತ್ತವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಖಣ ಹಾಕಬಾರದು, ಅವಳೂ ಇನ್ನೊಬ್ಬಳ ಉಡಿ ತುಂಬಬಾರದು ಎನ್ನುವ ಹಳೆಯ ಕಟ್ಟಳೆಯನ್ನು ಸ್ನೇಹಲತಾ ನಡುಬೀದಿಯಲ್ಲಿ ಶಾಮಿಯಾನಾ ಹಾಕಿ ಮುರಿದಳು. ತೆಲುಗು ಮನೆಗಳಲ್ಲೂ ಒಡಿಬಿಯ್ಯಂ ಎಂದು ಇಂಥದೇ ಶಾಸ್ತ್ರವಿರುವುದರಿಂದ ಯಾರಿಗೂ ಬಿಡಿಸಿ ಹೇಳುವ ಗೋಜಿರಲಿಲ್ಲ. ವೇದಿಕೆಯ ಮೇಲೆ ಮೊದಲ ಉಡಿ ತುಂಬುವವಳು ಯಾವಾಗಲೂ ರೇಣುಕಾ. ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಬಳೆ, ಮುಖದಲ್ಲಿ ಮಾತ್ರ ಇಷ್ಟು ಮಂದಿ ನನ್ನನ್ನೇ ಯಾಕೆ ನೋಡುತ್ತಾರೆ ಎನ್ನುವ ಸಂಕೋಚ. ವಿಜಯಕುಮಾರ ಮೊದಮೊದಲು ಹೆಂಡತಿಯ ಹುಚ್ಚು ಎಂದು ನಗುತ್ತಿದ್ದ. ಚುನಾವಣೆಯಲ್ಲಿ ಹೆಂಗಸರ ವೋಟು ಯಾಕೆ ಬಿದ್ದವು ಎಂದು ತಿಳಿದ ಮೇಲೆ ನಗುವುದನ್ನು ಬಿಟ್ಟು ಶಾಮಿಯಾನಾದ ಬಾಡಿಗೆ ಕೊಡತೊಡಗಿದ.

ಅವನ ಸೋದರತ್ತೆ ಉಮಾಬಾಯಿ ಬೇಗಂ ಬಜಾರಿನ ಕಿರಾಣಿ ಸಗಟು ವ್ಯಾಪಾರದ ಮನೆಯ ಹಿರಿಯಳು. ಅವತ್ತು ಬಳೆ ಒಡೆಯಲು ಬಂದವರಲ್ಲಿ ಆಕೆಯೇ ಮುಂದಾಳು. ಮುಂದೆ ಎಷ್ಟೋ ದಿನ ಆಕೆ ಮೆಹದಿಪಟ್ಟಣಂನಲ್ಲಿದ್ದ ವಿಜಯಕುಮಾರನ ಮನೆಯಲ್ಲಿ ನೀರು ಕೂಡ ಮುಟ್ಟಲಿಲ್ಲ. ಅಂಥ ಹೆಂಗಸನ್ನೂ ಸ್ನೇಹಲತಾ ಬಿಡದೆ ಬೆನ್ನು ಹತ್ತಿ, ಜಗಳಾಡಿ, ಕಾಲು ಹಿಡಿದು ಒಲಿಸಿಕೊಂಡಿದ್ದಳು.

ಇಂಥ ಸ್ನೇಹಲತಾಗೆ ಒಬ್ಬಳೇ ಮಗಳು, ಶೀತಲ. ತಾಯಿ ಸಭೆಯಿಂದ ಸಭೆಗೆ ತಿರುಗುವಾಗ ಅವಳಿಗೆ ಉಣ್ಣಿಸಿ, ಜಡೆ ಹೆಣೆದು, ಶಾಲೆಗೆ ಕಳಿಸಿದವಳು ಕೆಳಗಿನ ಮನೆಯಲ್ಲಿದ್ದ ದೊಡ್ಡವ್ವ ರೇಣುಕಾ. ಮಕ್ಕಳಿಲ್ಲದ ರೇಣುಕಾಗೆ ಅವಳೇ ಮಗಳು. ಮದುವೆಯಾದ ಮೇಲೆ ಶೀತಲಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಯಿತು. ಎರಡು ಸಲವೂ ಬಸಿರಿನ ಸುದ್ದಿ ಕೇಳಿದ ಕೂಡಲೇ ರೇಣುಕಾ ಓಡಿಬಂದು ಎಲ್ಲರಿಗಿಂತ ಮೊದಲು ಅವಳ ಬಾಯಿಗೆ ಸಕ್ಕರೆ ಹಾಕಿದ್ದಳು. ಗರ್ಭಕೋಶದ ಬಾಯಿ ಸಡಿಲವಿದೆ, ಮುಂದಿನ ಸಲ ಹೊಲಿಗೆ ಹಾಕಿದರೆ ನಿಲ್ಲುತ್ತದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಸ್ನೇಹಲತಾಗೆ ಅದು ಅರ್ಥವೂ ಆಯಿತು. ಆದರೂ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಆ ಸಕ್ಕರೆ ನೆನಪಾಯಿತು. ನೆನಪಾದದ್ದಕ್ಕೆ ತನ್ನನ್ನೇ ಬೈದುಕೊಂಡಳು. ಬೈದರೆ ಹೋಗುವ ಜಾತಿಯದಲ್ಲ ಆ ಅಂಜಿಕೆ. ಮೂರನೆಯ ಸಲ ಬಸಿರಾಗಿ, ಹೊಲಿಗೆ ಹಾಕಿಸಿಕೊಂಡು ಅದು ನಿಂತಾಗ ರೇಣುಕಾಗೆ ಸುದ್ದಿ ತಿಳಿದದ್ದು ಉಳಿದವರೆಲ್ಲ ಸಿಹಿ ತಿಂದಾದ ಮೇಲೆ.

ಏಳನೆಯ ತಿಂಗಳಿಗೆ ತವರಿನಲ್ಲಿ ಕುಬಸ ಮಾಡುವುದೆಂದಾಯಿತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಮುತ್ತೈದೆಯರು ಉಡಿ ತುಂಬುವ ಶಾಸ್ತ್ರ ಅದು. "ಮೊದಲ ಉಡಿ ನಂದು. ನಾ ಸಾಕಿದ ಹುಡಿಗಿ" ಎಂದು ರೇಣುಕಾ ಹಾಲಿನವನಿಗೂ ಹೇಳಿಕೊಂಡು ಓಡಾಡಿದಳು. ಇತ್ತ ಸ್ನೇಹಲತಾಳ ನಿದ್ದೆ ಹಾರಿಹೋಯಿತು. ಬೇಡ ಎಂದು ಯಾವ ಬಾಯಿಂದ ಹೇಳುವುದು? ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುವ ಗಾದೆಯನ್ನು ವಿರೋಧ ಪಕ್ಷದವರ ಮೇಲೆ ಎಸೆದು ಚಪ್ಪಾಳೆ ಗಿಟ್ಟಿಸಿದವಳು ಅವಳೇ.

ಆದರೆ ರಾಜಕಾರಣಿಯ ಜೊತೆ ಸಂಸಾರ ಮಾಡಿದವಳಿಗೆ ಒಂದು ವಿದ್ಯೆಯಾದರೂ ಬಂದಿರುತ್ತದೆ. ಬೇಡವಾದವನನ್ನು ಅಲ್ಲಿ ಯಾರೂ ಕತ್ತು ಹಿಡಿದು ನೂಕುವುದಿಲ್ಲ. ಕೊರಳಿಗೆ ಹಾರ ಹಾಕಿ ದೂರದ ಹುದ್ದೆಗೆ ಕಳಿಸುತ್ತಾರೆ. ಕುಷಾಯಿಗೂಡದ ಮಹಿಳಾ ಸಂಘದವರು 'ತುಂಬಿದ ಉಡಿ'ಯನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದರು. ಸ್ನೇಹಲತಾ ಸಂಘದ ಅಧ್ಯಕ್ಷೆ ಶೈಲಶ್ರೀಗೆ ಫೋನು ಮಾಡಿ ಅದನ್ನು ಕುಬಸದ ದಿನಕ್ಕೇ ತರಿಸಿದಳು. ಆಮೇಲೆ ಕೆಳಗಿನ ಮನೆಗೆ ಹೋದಳು.

"ಅಕ್ಕಾ, ಕುಷಾಯಿಗೂಡದ ಕಾರ್ಯಕ್ರಮ ನೋಡು, ಅದ ದಿನಾನ ಬಂದೈತಿ. ನಾ ಹೋಗಾಕ ಆಗಂಗಿಲ್ಲ. ನೀ ಹೋಗಿ ನಿಂತ್ರ ನಾ ಹೋದಂಗ."

"ಅವತ್ತ ನಮ್ಮ ಶೀತಲನ ಕುಬಸ ಐತೆಲ್ಲವಾ?"

"ಮುಂಜಾನೆ ಹೋಗಿ ಊಟದ ಹೊತ್ತಿಗೆ ಬಂದುಬಿಡತಿ. ಕಾರ್ ಕೊಟ್ಟು ಕಳಸ್ತೀನಿ. ಅಷ್ಟು ಮಂದಿ ಹೆಣಮಕ್ಕಳು ಕಾಯಾಕತ್ತಾರ, ಇಲ್ಲ ಅನ್ನಾಕ ಬರತೈತೇನು?"

ಬಳೆ ಉಳಿಸಿಕೊಟ್ಟ ದಿನದಿಂದ ರೇಣುಕಾ ಸ್ನೇಹಲತಾಳ ಯಾವ ಮಾತಿಗೂ ಇಲ್ಲ ಅಂದವಳಲ್ಲ. "ನೀ ಹೇಳಿದಿ ಅಂದ್ರ ಹೋಗಿ ಬರತೀನಿ ಬಿಡು" ಎಂದಳು. ಸ್ನೇಹಲತಾ ಅವತ್ತು ಹಾಯಾಗಿ ನಿದ್ದೆ ಮಾಡಿದಳು. ಆಮೇಲೆ ನೆನೆದಾಗಲೆಲ್ಲ ಅವಳಿಗೆ ಹೆಚ್ಚು ನಾಚಿಕೆ ತಂದದ್ದು ಈ ನಿದ್ದೆಯೇ.

ಕುಬಸದ ದಿನ ಮನೆ ತುಂಬ ರೇಷ್ಮೆ ಸೀರೆಗಳ ಸಪ್ಪಳ. ಶೀತಲಳನ್ನು ಮಣೆಯ ಮೇಲೆ ಕೂರಿಸಿದ್ದಾಯಿತು. ಉಮಾಬಾಯಿ ಬಂದವಳೇ ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿದಳು.

"ರೇಣುಕಾ ಎಲ್ಲಿ ಅದಾಳ? ಮೊದಲ ಉಡಿ ಆಕಿದಲ್ಲೇನು?"

ಯಾರ ಬಾಯಿಂದ ಈ ಮಾತು ಬರಲಿ ಎಂದು ಸ್ನೇಹಲತಾ ವರ್ಷಗಟ್ಟಲೆ ಹೆಣಗಿದ್ದಳೋ ಅದೇ ಬಾಯಿಂದ ಬಂದಿತ್ತು, ಬರಬಾರದ ದಿನ ಬಂದಿತ್ತು. "ಕುಷಾಯಿಗೂಡಕ್ಕ ಹೋಗ್ಯಾಳ್ರಿ ಅತ್ತಿ," ಎಂದಳು. "ಬ್ಯಾಡ ಅಂದೆ, ಕೇಳಲಿಲ್ಲ. ಹಠಾ ಮಾಡಿ ಹೋದ್ಲು." ಸುಳ್ಳು ಎಣ್ಣೆ ಹಚ್ಚಿದಂತೆ ಸಲೀಸಾಗಿ ಹೊರಬಿತ್ತು.

"ಹುಚ್ಚಿ! ಇವತ್ತ ಯಾರರ ಹೋಗತಾರೇನು? ಆಕಿ ಸಲುವಾಗೂ ನಾ ಹಸರ ಬಳಿ ತಂದೀನಲ್ಲ."

ಶೀತಲ ಮಣೆಯ ಮೇಲಿಂದಲೇ ಫೋನು ತೆಗೆದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ತಡೆಯಲು ಹೋದ ಸ್ನೇಹಲತಾಳ ಕೈ ಅರ್ಧದಲ್ಲೇ ನಿಂತಿತು.

"ದೊಡ್ಡವ್ವಾ, ನನ್ನ ಬಿಟ್ಟು ಹೆಂಗ ಹೋದಿ ನೀ? ಮಮ್ಮಿ ಬ್ಯಾಡ ಅಂದ್ರೂ ಹಠಾ ಮಾಡಿ ಹೋದೆಂತ?"

ಆ ಕಡೆ ಹೆಂಗಸರ ಗದ್ದಲ ಕೇಳುತ್ತಿತ್ತು. ಇಷ್ಟು ಮಂದಿಯ ಮುಂದೆ ಈಗ ಮಾನ ಹರಾಜಾಗುತ್ತದೆ ಎಂದುಕೊಂಡಳು ಸ್ನೇಹಲತಾ. ಆ ಗಳಿಗೆಯಲ್ಲೂ ಅವಳಿಗೆ ಹೊಳೆದದ್ದು ತನ್ನ ಮಾನವೇ.

"ಹೌದವಾ," ಎಂದಿತು ರೇಣುಕಾಳ ದನಿ. "ನಿಮ್ಮವ್ವ ಬ್ಯಾಡಾ ಅಂದ್ಲು, ನಾನ ಬಂದೆ. ಇಲ್ಲಿ ಭಾಳ ಮಂದಿ ಕುಂತಾರ. ನನ್ನ ಸಲುವಾಗಿ ಹೊತ್ತು ಮೀರಿಸಬ್ಯಾಡ್ರಿ. ಉಮಾಬಾಯಿ ಅತ್ತಿ ಕಡಿಂದ ತುಂಬಿಸ್ಕೋ."

ಹಿಂದಿನಿಂದ ಯಾರೋ "ಮೇಡಂ ಬಿಡ್ಡಕು ಅಂತಾ ಮಂಚಿಗಾ ಕಾವಾಲಿ" ಎಂದು ತೆಲುಗಿನಲ್ಲಿ ಕೂಗಿ, ಮೇಡಂ ಮಗಳಿಗೆ ಎಲ್ಲ ಒಳ್ಳೆಯದಾಗಲಿ ಎಂದು ಹರಸಿದರು. ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಉಮಾಬಾಯಿ ಕಣ್ಣೊರೆಸಿಕೊಂಡು, "ಎಂಥಾ ಮನಸ ಆಕಿದು" ಎಂದಳು. ಸ್ನೇಹಲತಾ ಮಗಳ ಉಡಿಗೆ ಅಕ್ಕಿ ಹಾಕುವಾಗ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ತಾಯಿಗೆ ಸಂತೋಷ ತಡೆಯಲಾಗುತ್ತಿಲ್ಲ ಎಂದು ಯಾರೋ ಫೋಟೋ ತೆಗೆದರು.

ಊಟದ ಹೊತ್ತಿಗೆ ರೇಣುಕಾ ಬರಲಿಲ್ಲ. ಬಂದವರೆಲ್ಲ ತಾಂಬೂಲ ತಗೊಂಡು ಹೋದರು. ಇಳಿಹೊತ್ತಿಗೆ ಮಹಡಿಯ ಕೋಣೆಯಲ್ಲಿ ಶೀತಲ ಅಡ್ಡಾಗಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಸ್ನೇಹಲತಾ ಬಾಗಿಲಿಗೆ ಬಂದಳು. ರೇಣುಕಾ ಕೊನೆಯ ಮೆಟ್ಟಿಲಲ್ಲೇ ನಿಂತಿದ್ದಳು. ಕೈಯಲ್ಲಿ ಅಕ್ಕಿಯ ಗಂಟು.

"ಅಲ್ಲಿ ಹೆಣಮಕ್ಕಳು ಒಂದೊಂದು ಬೊಗಸಿ ಹಾಕ್ಯಾರ. ಮೇಡಂ ಮಗಳ ಉಡಿಗೆ ಅಂತ," ಎಂದು ಗಂಟನ್ನು ಮುಂದೆ ಚಾಚಿದಳು. "ಅಂಜಿಕಿ ಬಂದ್ರ ಹಾಕಬ್ಯಾಡ. ಗುಡಿಗೆ ಕೊಟ್ಟುಬಿಡು."

ಸ್ನೇಹಲತಾ ಗಂಟು ತಗೊಳ್ಳುವ ಮೊದಲೇ ರೇಣುಕಾ ಮುಂದುವರಿಸಿದಳು.

"ನಾ ಹೋದ ಕೂಡಲೇ ಶೈಲಶ್ರೀ ಹೇಳಿದ್ಲು. ಕಾರ್ಯಕ್ರಮ ಮುಂದಿನ ವಾರ ಇತ್ತಂತ, ನೀನ ಫೋನ್ ಮಾಡಿ ಇವತ್ತ ಇಡಿಸಿದೆಂತ. ಮಗಳ ಕುಬಸದ ದಿನಾನೂ ಮೇಡಂ ನಮ್ಮನ್ನ ಮರೀಲಿಲ್ಲ ಅಂತ ಭಾಳ ಹೊಗಳಿದ್ಲು."

ಹಾಗಾದರೆ ಫೋನು ಬಂದಾಗ ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ತನ್ನ ಸುಳ್ಳಿಗೆ ಹೆಗಲು ಕೊಟ್ಟಿದ್ದಳು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಸ್ನೇಹಲತಾಗೆ. ಎರಡು ಹೆಜ್ಜೆ ಮುಂದೆ ಬಂದು ಆಕೆಯ ಕೈ ಹಿಡಿದಳು.

"ತಪ್ಪಾತು ಅಕ್ಕಾ. ನಾಚಿಕಿಲೆ ಸಾಯಾಕತ್ತೀನಿ ನಾ. ಎರಡು ಸಲ ಹಂಗಾತಲ್ಲ, ನನ್ನ ತಲಿ ನನ್ನ ಕೈಯಾಗ ಇರಲಿಲ್ಲ. ಒಳಗ ಬಾ. ಈಗ ತುಂಬು ಉಡಿ. ಎಲ್ಲಾರ ಮುಂದ ನಾನ ಹೇಳತೀನಿ, ನಂದ ತಪ್ಪು ಅಂತ."

ರೇಣುಕಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸ್ನೇಹಲತಾ ಹೇಗೋ ತಾಳಿಕೊಳ್ಳುತ್ತಿದ್ದಳು.

"ಅವತ್ತ ಕುಂಕುಮ ಹಚ್ಚಿಕೋ ಅಂದಿ, ಹಚ್ಚಿಕೊಂಡೆ. ನನಗೇನು ಧೈರ್ಯ ಇರಲಿಲ್ಲವಾ. ನೀ ಕಲತಾಕಿ, ನಾಕು ಮಂದಿಗೆ ತಿಳಿಸಿ ಹೇಳಾಕಿ. ನೀ ಏನೂ ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅಂತ ನಂಬಿದ್ದೆ." ಆಕೆ ತನ್ನ ಅಂಗೈ ನೋಡಿಕೊಂಡಳು. "ಈಗ ನೀನ ಅಂಜಿದಿ. ನೀನ ಅಂಜಿದಿ ಅಂದ್ರ ಈ ಕೈಯಾಗ ಏನರ ಇರಬೇಕು. ಎರಡು ಸಲಾನೂ ಸಕ್ಕರಿ ಹಾಕಿದಾಕಿ ನಾನ ಹೌದಲ್ಲ? ಕಾರಿನಾಗ ಕುಂತು ಅದನ್ನ ನೆನಿಸ್ಕೋಂತ ಬಂದೆ."

"ಹಂಗೇನಿಲ್ಲ ಅಕ್ಕಾ! ಡಾಕ್ಟರ್ ಹೇಳ್ಯಾರಲ್ಲ, ಹೊಲಿಗಿ ಹಾಕ್ಯಾರಲ್ಲ... ಅವೆಲ್ಲಾ ಸುಳ್ಳು ನಂಬಿಕಿ..."

ಸಾವಿರ ಮಂದಿಯ ಮುಂದೆ ನೀರು ಕುಡಿದಷ್ಟು ಸುಲಭವಾಗಿ ಆಡಿದ ಮಾತುಗಳು. ಇವತ್ತು ಒಬ್ಬಳ ಮುಂದೆ ಅವಕ್ಕೆ ಕಾಸಿನ ಕಿಮ್ಮತ್ತಿರಲಿಲ್ಲ. ರೇಣುಕಾ ವೇದಿಕೆಯ ಮೇಲೆ ಕೂತು ಭಾಷಣ ಕೇಳುವಾಗ ಆಡಿಸುವಂತೆಯೇ ತಲೆಯಾಡಿಸಿದಳು.

"ಹೆರಿಗಿ ಆಗಲಿ, ಕೂಸು ಗಟ್ಟಿಮುಟ್ಟ ಆಗಿ ಬರಲಿ. ಅಲ್ಲೀತನಕ ನಾ ಮ್ಯಾಲೆ ಬರಂಗಿಲ್ಲ. ಆಕಿಗೆ ಏನರ ಆದ್ರ ನನಗ ತಡಕೊಳ್ಳಾಕ ಆಗಂಗಿಲ್ಲ." ಗಂಟನ್ನು ಮೆಟ್ಟಿಲ ಮೇಲಿಟ್ಟು, ಗೋಡೆ ಹಿಡಿದುಕೊಂಡು ಇಳಿದುಹೋದಳು. ಸ್ನೇಹಲತಾ "ಅಕ್ಕಾ" ಎಂದು ಕೂಗಿದಳು. ಆಕೆ ತಿರುಗಲಿಲ್ಲ. ಇಷ್ಟು ವರ್ಷಗಳಲ್ಲಿ ಆಕೆ ಅವಳ ಮಾತು ಕೇಳದೆ ಹೋದದ್ದು ಇದೇ ಮೊದಲು.

"ಮಮ್ಮಿ, ಯಾರ ಜೋಡಿ ಮಾತಾಡಾಕತ್ತಿ?" ಒಳಗಿನಿಂದ ಶೀತಲಳ ದನಿ. "ದೊಡ್ಡವ್ವ ಬಂದಳೇನು?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ಸ್ನೇಹಲತಾ ಬಗ್ಗಿ ಅಕ್ಕಿಯ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು. ಮಗಳ ಮುಖ ನೋಡಲಾಗದೆ ಮಂಚದ ಕಾಲನ್ನು ನೋಡುತ್ತ ನಿಂತಳು.

"ಬಂದಿದ್ಲು," ಎಂದಳು. "ನಾನ ಕಳಿಸಿದೆ. ಮುಂಜಾನೆನೂ ನಾನ ಕಳಿಸಿದ್ದೆ."